ಬೀರುವಿನೊಳಗೆ ಹದಿನಾಲ್ಕು ನಿಮಿಷ

ನಾನು ಮಾರಿದ ಮನೆಗಳನ್ನು ಒಂದರ ಮೇಲೊಂದು ಪೇರಿಸಿದರೆ ವಿಮಾನಗಳು ಸುತ್ತುಬಳಸಿ ಹೋಗಬೇಕಾದೀತು. ಕಿಟಕಿಯೇ ಇಲ್ಲದ ಮನೆಯನ್ನು ‘ನಿದ್ದೆಗೆಂದೇ ಕಟ್ಟಿಸಿದ್ದು’ ಎಂದು ಮಾರಿದವನು ನಾನು. ಮೆಟ್ಟಿಲು ಅರ್ಧಕ್ಕೇ ನಿಂತ ಮನೆಯನ್ನೂ ಮಾರಿದ್ದೇನೆ. ಕೊಂಡವರು ಇವತ್ತಿಗೂ ನನ್ನನ್ನು ಕಂಡರೆ ರಸ್ತೆಯ ಆಚೆ ಬದಿಗೆ ದಾಟಿಬಿಡುತ್ತಾರೆ, ಉಪಕಾರದ ಭಾರ ತಾಳಲಾರದೆ. ಇಂಥ ನಾನು ನನ್ನ ಒಡಹುಟ್ಟಿದ ಅಕ್ಕನ ಮನೆಯನ್ನು ಹನ್ನೊಂದು ಸಲ ತೋರಿಸಿದೆ. ಹನ್ನೊಂದು ಸಲವೂ ಬಂದವರು ಕೈ ಬೀಸಿಕೊಂಡು ಹೊರಟುಹೋದರು.

ಅಕ್ಕ ನರ್ಸು. ದೂರದ ಊರಿನ ದೊಡ್ಡ ಆಸ್ಪತ್ರೆಯಲ್ಲಿ ಹೆಡ್ ನರ್ಸ್ ಹುದ್ದೆ ಸಿಕ್ಕಿತ್ತು. ಮುಂದಿನ ತಿಂಗಳ ಒಂದನೇ ತಾರೀಕು ಸೇರಬೇಕು. ಈ ಮನೆ ಮಾರಿದರೆ ಮಾತ್ರ ಅಲ್ಲೊಂದು ಮನೆ. ಮಾರದಿದ್ದರೆ ಅಕ್ಕ ಒಬ್ಬಳೇ ಹಾಸ್ಟೆಲ್ ಕೋಣೆಗೆ, ಶಾಲಾ ಬಸ್ಸು ಓಡಿಸುವ ಭಾವ ಮತ್ತು ಎಂಟು ವರ್ಷದ ಮಗಳು ಇಲ್ಲೇ.

“ಈ ಭಾನುವಾರದವರೆಗೆ ನಿಂಗೆ ಕೊಡ್ತೀನಿ. ಆಮೇಲೆ ಬೀಗದಕೈ ಕನ್ನಡಕಕ್ಕೆ,” ಎಂದಿದ್ದಳು ಅಕ್ಕ.

ಕನ್ನಡಕ ಎಂದರೆ ನಮ್ಮ ಕಸುಬಿನವಳೇ, ಇನ್ನೊಬ್ಬ ಏಜೆಂಟು. ನಗುವುದಿಲ್ಲ, ಹೊಗಳುವುದಿಲ್ಲ, ಟೇಪು ಹಿಡಿದು ಗೋಡೆ ಅಳೆಯುತ್ತಾಳೆ. ಅವಳ ಕೈಗೆ ನನ್ನ ಅಕ್ಕನ ಬೀಗದಕೈ ಹೋಗುವುದೆಂದರೆ ನಾನು ಮೀಸೆ ಬೋಳಿಸಿಕೊಂಡು ಊರು ಬಿಡುವುದೇ ವಾಸಿ. ಮೀಸೆ ಇಲ್ಲದ್ದರಿಂದ ಇನ್ನೂ ಕಷ್ಟ.

ನಮ್ಮಲ್ಲಿ ಒಂದು ಪದ್ಧತಿಯಿದೆ. ಮನೆ ನೋಡುವವರನ್ನು ಕರೆತಂದ ಏಜೆಂಟು, ಅವರಿಗೆ ಏನನ್ನಿಸಿತು ಎಂಬುದನ್ನು ಅದೇ ಸಂಜೆಯೊಳಗೆ ಮನೆ ಮಾರುವ ಏಜೆಂಟಿಗೆ ತಿಳಿಸಬೇಕು. ಅವನು ಅದನ್ನು ಮನೆಯವರಿಗೆ ಮುಟ್ಟಿಸಬೇಕು. ಫೀಡ್‌ಬ್ಯಾಕು. ಇದನ್ನು ಯಾರೂ ಹಸಿಹಸಿಯಾಗಿ ಹೇಳುವುದಿಲ್ಲ. ‘ಯೋಚನೆ ಮಾಡ್ತಾರಂತೆ’ ಎಂದರೆ ಗೇಟು ದಾಟುವಷ್ಟರಲ್ಲಿ ಮರೆತಿದ್ದಾರೆ ಎಂದರ್ಥ. ‘ಬೆಳಕು ಚೆನ್ನಾಗಿದೆ ಅಂದ್ರು’ ಎಂದರೆ ಬೇರೆ ಯಾವುದೂ ಚೆನ್ನಾಗಿಲ್ಲ. ಕನ್ನಡಕ ಒಬ್ಬಳೇ ಈ ಮರ್ಯಾದೆ ಕಲಿಯದವಳು. ಜನ ಅಂದದ್ದನ್ನು ಅಂದಂತೆಯೇ, ತಾರೀಕು ಹಾಕಿ, ಮೆಸೇಜು ಕಳಿಸುತ್ತಾಳೆ. ಆ ಹನ್ನೊಂದು ಮಂದಿಯನ್ನೂ ಕರೆತಂದವಳು ಅವಳೇ.

ಅವಳ ಮೆಸೇಜುಗಳು ನನ್ನ ಫೋನಿನಲ್ಲಿದ್ದವು. ‘ಮನೆ ಒಪ್ಪಿಗೆ. ತೋರಿಸಿದವರು ಮಾತು ನಿಲ್ಲಿಸಲಿಲ್ಲ.’ ‘ಅಡುಗೆಮನೆ ಇಷ್ಟವಾಯಿತು. ಅರಮನೆಯದಕ್ಕಿಂತ ದೊಡ್ಡದು ಎಂದರಂತೆ. ಅಳೆದ ಮೇಲೆ ಮಿಕ್ಕ ಮಾತಿನ ಮೇಲೂ ನಂಬಿಕೆ ಹೋಯಿತು.’ ‘ಇಷ್ಟು ಹೊಗಳುವವರು ಏನನ್ನೋ ಮುಚ್ಚಿಡುತ್ತಿದ್ದಾರೆ ಅನ್ನಿಸಿತಂತೆ.’

ಇವನ್ನು ಅಕ್ಕನಿಗೆ ಮುಟ್ಟಿಸುವುದು ಹೇಗೆ? ಅದಕ್ಕೇ ನಾನು ಬೇರೆಯದನ್ನೇ ಮುಟ್ಟಿಸಿದೆ. ಅಡುಗೆಮನೆಯ ಬಣ್ಣ ಕತ್ತಲೆಯಂತೆ ಎಂದೆ. ಬಾಗಿಲು ಕಿರ್ರೆನ್ನುತ್ತದಂತೆ ಎಂದೆ. ಹಜಾರದ ಗೋಡೆ ಮಾಸಿದೆಯಂತೆ ಎಂದೆ. ಅಕ್ಕ ಡ್ಯೂಟಿ ಮುಗಿಸಿ ಬಂದು ಗೋಡೆ ಉಜ್ಜಿದಳು. ಭಾವ ಒಂಬತ್ತು ಬಾಗಿಲಿಗೂ ಎಣ್ಣೆ ಬಿಟ್ಟರು. ಬಣ್ಣ ಬಳಿಯುವುದು ನನ್ನ ಪಾಲಿಗೆ ಬಂತು. ಶನಿವಾರ ನಾನು ಏಣಿಯ ಮೇಲೆ ನಿಂತು, ನಾನೇ ಹುಟ್ಟಿಸಿದ ಕತ್ತಲೆಗೆ ಮೂರನೇ ಸಲ ಬಿಳಿ ಬಳಿಯುತ್ತಿದ್ದಾಗ ಕೆಳಗೆ ಕಟ್ಟೆಯ ಮೇಲಿದ್ದ ಫೋನು ಸದ್ದು ಮಾಡಿತು. ಅಕ್ಕ ಕೈಗೆತ್ತಿಕೊಂಡಳು.

“ಅದು ಕಂಪನಿಯವರದು ಅಕ್ಕ, ಬಿಡು,” ಎಂದೆ.

ಅವಳು ಬಿಡಲಿಲ್ಲ. ಬೆರಳು ಮೇಲೆ ಹೋಯಿತು, ಇನ್ನೂ ಮೇಲೆ ಹೋಯಿತು.

“ಲೋ, ಅಡುಗೆಮನೆ ಕತ್ತಲೆ ಅಂತ ಯಾರು ಹೇಳಿದ್ದು?”

“ಜನ.”

“ಯಾವ ಜನ?”

“ಬಂದಿದ್ದ ಜನ. ಸಾವಿರಾರು ಜನ ಬರ್ತಾರೆ, ಎಲ್ಲರನ್ನೂ ನೆನಪಿಟ್ಕೊಳಕ್ಕಾಗುತ್ತಾ?”

“ಹನ್ನೊಂದು ಜನ. ಹನ್ನೊಂದರಲ್ಲೂ ನಿನ್ನ ಬಗ್ಗೇನೇ ಬರೆದಿದೆ.”

ಭಾವ ಎಣ್ಣೆಯ ಡಬ್ಬಿ ಹಿಡಿದು ಬಾಗಿಲಲ್ಲಿ ನಿಂತಿದ್ದರು. ವರ್ಷಕ್ಕೆ ನಾಲ್ಕೇ ಮಾತಾಡುವ ಮನುಷ್ಯ. ಅದರಲ್ಲಿ ಒಂದನ್ನು ಅವತ್ತು ಖರ್ಚು ಮಾಡಿದರು. “ಬಾಗಿಲು ಕಿರ್ ಅನ್ನೋದು?”

“ಅದೂ ನಾನೇ ಹೇಳಿದ್ದು, ಭಾವ.”

ಅವರು ಡಬ್ಬಿಯ ಮುಚ್ಚಳ ಹಾಕಿ, ತಿರುಗಿಸಿ ತಿರುಗಿಸಿ ಬಿಗಿ ಮಾಡಿದರು. ಅಕ್ಕ ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಬೈಗುಳದಲ್ಲಿ ನಾನು ಈಜಿ ಬೆಳೆದವನು. ಅವಳು ಮೆಲ್ಲಗೆ ಕೇಳಿದಳು: “ಮೂರು ವಾರ ಉಜ್ಜಿದೀನಿ ಕಣೋ. ಆ ಗೋಡೆ ಏನು ತಪ್ಪು ಮಾಡಿತ್ತು?”

ಜಗತ್ತಿನ ಯಾವ ಪ್ರಶ್ನೆಗೂ ನನ್ನ ಬಳಿ ಏಳು ಉತ್ತರಗಳಿರುತ್ತವೆ. ಅವತ್ತು ಏಣಿ ಇಳಿದು ಕುಂಚ ತೊಳೆದೆ.

“ನಾಳೆ ನಾನೇ ತೋರಿಸ್ತೀನಿ. ನೀನು ಕಾರಲ್ಲಿ ಕೂತಿರು. ಗಾಜು ಏರಿಸ್ಕೊಂಡು,” ಎಂದಳು ಅಕ್ಕ.

ಭಾನುವಾರ ಹತ್ತೂವರೆಗೆ ಬರುವವರಿದ್ದರು. ಭಾವ ಮಗಳನ್ನು ಪಾರ್ಕಿಗೆ ಕರೆದೊಯ್ದರು. ನಾನು ಕಾರಿನಲ್ಲಿ ಕೂತೆ, ಎದ್ದೆ, ಕನ್ನಡಿ ಒರೆಸಿದೆ, ಮತ್ತೆ ಕೂತೆ. ಒಳಕೋಣೆಯ ದಿಂಬು ಓರೆಯಾಗಿದ್ದದ್ದು ನೆನಪಾಯಿತು. ಓರೆ ದಿಂಬಿನಿಂದ ಕೈತಪ್ಪಿದ ಮನೆಗಳನ್ನು ನಾನು ಬಲ್ಲೆ. ಹತ್ತು ಗಂಟೆ ಹದಿನೈದು ನಿಮಿಷಕ್ಕೆ ಬೂಟು ಕೈಯಲ್ಲಿ ಹಿಡಿದು ಬೆಕ್ಕಿನಂತೆ ಒಳಗೆ ಹೋದೆ. ದಿಂಬನ್ನು ನೆಟ್ಟಗೆ ಮಾಡಿದೆ. ಇನ್ನೊಂದು ಓರೆಯಾಗಿ ಕಂಡಿತು. ಅದನ್ನು ಸರಿಮಾಡುವಷ್ಟರಲ್ಲಿ ಮೊದಲನೆಯದು ಮತ್ತೆ ಓರೆ. ಆಗ ಹಜಾರದಲ್ಲಿ ಕನ್ನಡಕದ ದನಿ ಕೇಳಿಸಿತು. “ಹತ್ತು ನಿಮಿಷ ಮುಂಚೇನೇ ಬಂದ್ವಿ, ಪರವಾಗಿಲ್ವಾ?”

ಮನೆಗೆ ಇರುವುದು ಒಂದೇ ಹೊರಬಾಗಿಲು. ಸ್ನಾನದಮನೆ ಹಜಾರದ ಆಚೆ. ಮಂಚದಡಿಯಲ್ಲಿ ಪೆಟ್ಟಿಗೆಗಳು. ಉಳಿದದ್ದು ಗೋಡೆ ಬೀರು. ಅಕ್ಕ ಹಿಂದಿನ ಸಂಜೆಯಷ್ಟೇ ಅದನ್ನು ಪೂರ್ತಿ ಖಾಲಿ ಮಾಡಿದ್ದಳು. ನುಗ್ಗಿದೆ, ಬಾಗಿಲೆಳೆದುಕೊಂಡೆ. ಭಾವನ ಎಣ್ಣೆಯ ಪುಣ್ಯ, ಒಂದಿಷ್ಟೂ ಸದ್ದಾಗಲಿಲ್ಲ.

ಕತ್ತಲಲ್ಲಿ ನನ್ನ ಕೈಗಡಿಯಾರದ ಮುಳ್ಳುಗಳು ಹಸಿರಾಗಿ ಹೊಳೆಯುತ್ತಿದ್ದವು. ಹತ್ತು ಗಂಟೆ ಇಪ್ಪತ್ತು ನಿಮಿಷ.

ಬಂದವರು ಬಟ್ಟೆ ಹೊಲಿಯುವ ಹೆಂಗಸು, ಮತ್ತು ಅವಳ ಗಂಡ. ಕೋಣೆ ಕೋಣೆ ದಾಟಿ ಒಳಕೋಣೆಗೆ ಬಂದರು. ಅಕ್ಕ ಹೇಳುತ್ತಿದ್ದಳು: “ಮಧ್ಯಾಹ್ನ ಈ ರೂಮು ಕಾಯುತ್ತೆ. ದಪ್ಪ ಪರದೆ ಹಾಕ್ಲೇಬೇಕು.”

ನನ್ನ ನಾಲಿಗೆ ಹಲ್ಲುಗಳನ್ನು ಒದೆಯಿತು. ನಾನಾಗಿದ್ದರೆ ಇದನ್ನು ‘ಸೂರ್ಯನೇ ಇಸ್ತ್ರಿ ಮಾಡಿಕೊಡುವ ಕೋಣೆ’ ಎನ್ನುತ್ತಿದ್ದೆ.

“ಪಕ್ಕದ ಮನೆಯವರು ಬೆಳಗ್ಗೆ ಆರಕ್ಕೆ ನೀರಿನ ಮೋಟಾರ್ ಹಾಕ್ತಾರೆ. ಇಪ್ಪತ್ತು ನಿಮಿಷ ಕೇಳ್ಸುತ್ತೆ. ನಮಗೆ ಅದೇ ಅಲಾರಂ,” ಎಂದಳು ಅಕ್ಕ.

ಅಂಗಿಯ ತೋಳನ್ನು ಬಾಯಿಗೆ ತುರುಕಿಕೊಂಡೆ. ನನ್ನೊಳಗೆ ಮಾತುಗಳು ಹಬೆಯಂತೆ ತುಂಬಿ, ಕಿವಿಯಿಂದ ಸೀಟಿ ಹೊಡೆಯುವುದೊಂದು ಬಾಕಿ. ಅಷ್ಟರಲ್ಲಿ ಎಡಗಾಲಿನ ಕಾಲುಚೀಲ ತಣ್ಣಗಾಗುತ್ತಿರುವುದು ಗೊತ್ತಾಯಿತು. ಬಗ್ಗಿ ಮುಟ್ಟಿದೆ. ಹಿಂಗೋಡೆಯ ಕೆಳಮೂಲೆಯಲ್ಲಿ ತೇವ. ಹಿಂದಿನ ಸಂಜೆಯವರೆಗೂ ಅಲ್ಲಿ ವರ್ಷಗಳಿಂದ ಹಳೆಯ ಸೂಟ್‌ಕೇಸು ನಿಂತಿತ್ತು, ಹಾಗಾಗಿ ಅಕ್ಕನಿಗೂ ತಿಳಿದಿರಲಾರದು.

“ಬಟ್ಟೆ ಥಾನುಗಳು ಇದರಲ್ಲಿ ಹಿಡಿಸ್ತಾವಾ ನೋಡೋಣ,” ಎಂದಳು ಹೊಲಿಗೆಯಾಕೆ. ಬೀರು ತೆರೆಯಿತು.

ನಾಲ್ಕು ಜೊತೆ ಕಣ್ಣುಗಳು ನನ್ನನ್ನು ನೋಡಿದವು. ಬಾಯಲ್ಲಿ ತೋಳು, ಕಂಕುಳಲ್ಲಿ ಬೂಟು. ಹತ್ತು ಗಂಟೆ ಮೂವತ್ತನಾಲ್ಕು ನಿಮಿಷ.

ಅಕ್ಕನ ದನಿ ಒಂದು ಕೂದಲೆಳೆಯಷ್ಟೂ ಏರಲಿಲ್ಲ. “ಇವನು ನನ್ನ ತಮ್ಮ. ಮನೆ ಜೊತೆ ಬರಲ್ಲ.”

ಕನ್ನಡಕ ತನ್ನ ಕನ್ನಡಕ ತೆಗೆದು ಒರೆಸಿ ಹಾಕಿಕೊಂಡಳು. ಪುಸ್ತಕದಲ್ಲಿ ಏನೋ ಬರೆದಳು.

ಆ ದಿನದ ಮಧ್ಯಾಹ್ನದಷ್ಟು ಉದ್ದದ ಮಧ್ಯಾಹ್ನವನ್ನು ಯಾರೂ ಕಂಡಿರಲಿಕ್ಕಿಲ್ಲ. ನಾನು ಹಜಾರದ ಉದ್ದಗಲ ಅಳೆದೆ. ನಡೆದ ದೂರಕ್ಕೆ ಪಕ್ಕದ ಊರು ಮುಟ್ಟಬಹುದಿತ್ತು. ಅಕ್ಕ ಒಗೆದ ಬಟ್ಟೆ ಮಡಿಸಿದಳು, ಬಿಡಿಸಿದಳು, ಮತ್ತೆ ಮಡಿಸಿದಳು. ಮಗಳು ಭಾವನ ಕಿವಿಯಲ್ಲಿ “ಮಾಮ ಬೀರುವಲ್ಲಿ ಯಾಕಿದ್ದ?” ಎಂದು ಕೇಳಿದಳು, ಭಾವ ಮಾತು ಉಳಿಸಿಕೊಂಡರು. ಐದಕ್ಕೆ ಫೋನು ಬಂತು. ನನಗಲ್ಲ, ಅಕ್ಕನಿಗೆ. ಅವಳು ಸ್ಪೀಕರ್ ಹಾಕಿದಳು.

“ಫೀಡ್‌ಬ್ಯಾಕ್ ಹೇಳ್ತೀನಿ,” ಎಂದಿತು ಕನ್ನಡಕದ ದನಿ. “ಬಿಸಿಲು ಪರವಾಗಿಲ್ಲವಂತೆ, ಮೋಟಾರೂ ಪರವಾಗಿಲ್ಲವಂತೆ. ಕೇಳೋಕ್ಕೆ ಮುಂಚೆ ನೀವೇ ಹೇಳಿದ್ದು ಹಿಡಿಸಿದೆ. ಬೀರು ತುಂಬಾ ಹಿಡಿಸಿದೆ, ಒಬ್ಬ ಆಳು ನೆಟ್ಟಗೆ ನಿಲ್ತಾನಲ್ಲ ಅಂದ್ರು. ಒಂದೇ ಪ್ರಶ್ನೆ. ಅವರು ಲಕ್ಷಗಟ್ಟಲೆ ಬೆಲೆಯ ಬಟ್ಟೆ ಇಡೋರು. ಒಳಗೆ ತೇವ ಇದೆಯಾ?”

“ಇಲ್ಲ, ನಂಗೆ ಗೊತ್ತಿದ್ದ ಹಾಗೆ...” ಎಂದು ಅಕ್ಕ ಶುರುಮಾಡಿ ನಿಲ್ಲಿಸಿದಳು. ನನ್ನತ್ತ ನೋಡಿದಳು.

ಒಣ ಮರಳುಗಾಡೂ ಅದಕ್ಕಿಂತ ಹಸಿ ಎನ್ನಬಹುದಿತ್ತು. ಆ ಮಾತು ಗಂಟಲಲ್ಲಿ ಸಿದ್ಧವಾಗಿ ನಿಂತಿತ್ತು, ಅಲಂಕಾರ ಮಾಡಿಕೊಂಡು. ಅಕ್ಕನ ಕೈಗಳು ಕಂಡವು. ಉಜ್ಜಿ ಉಜ್ಜಿ ಬೆರಳ ತುದಿಗಳು ಬಿರಿದಿದ್ದವು.

“ಇದೆ,” ಎಂದೆ. “ಎಡಗಡೆ, ಕೆಳಗಿನ ಮೂಲೆ. ಒಂದು ಅಂಗೈಯಗಲ. ಮೇಲೆಲ್ಲಾ ಒಣಗಿದೆ, ಬೆನ್ನು ತಾಗಿಸಿ ನಿಂತಿದ್ದೆ. ನನ್ನ ಎಡಗಾಲ ಕಾಲುಚೀಲ ಒದ್ದೆಯಾಯ್ತು.”

“ಎಷ್ಟು ಹೊತ್ತಿಗೆ?”

“ಹದಿನಾಲ್ಕು ನಿಮಿಷಕ್ಕೆ.”

ಆಚೆ ಕಡೆ ಪೆನ್ನು ಓಡುವ ಸದ್ದು. “ಸರಿ, ಹೇಳ್ತೀನಿ,” ಎಂದು ಫೋನು ಇಟ್ಟಳು.

ಅಕ್ಕ ಮಡಿಸಿದ್ದ ಬಟ್ಟೆಯಿಂದ ಭಾವನ ಒಂದು ಜೊತೆ ಕಾಲುಚೀಲ ತೆಗೆದು ನನ್ನತ್ತ ಎಸೆದಳು. ಬೆಳಗಿನಿಂದ ಒದ್ದೆಯದರಲ್ಲೇ ಓಡಾಡುತ್ತಿದ್ದೆನೆಂಬುದು ಆಗ ನೆನಪಾಯಿತು. ಹಾಕಿಕೊಂಡು ಕೂತೆ. ಕೂರಲಾಗದೆ ಎದ್ದೆ. ಆರಕ್ಕೆ ಇನ್ನೂ ಐದು ನಿಮಿಷವಿರುವಾಗ ಫೋನು ಮತ್ತೆ ಬಂತು.

“ಥಾನುಗಳನ್ನ ಮೇಲಿನ ಹಲಗೇಲಿ ಇಡ್ತಾರಂತೆ. ಮೂಲೆಗೆ ಪ್ಲಾಸ್ಟರ್ ನೀವೇ ಮಾಡಿಸಿಕೊಡ್ಬೇಕು. ನಾಳೆ ಕಾಗದಪತ್ರಕ್ಕೆ ಬರ್ತಾರೆ,” ಎಂದಳು ಕನ್ನಡಕ.

ಅಕ್ಕ ಕುರ್ಚಿಯಲ್ಲಿ ಕುಸಿದು ಕೂತಳು. ಭಾವ ಮಗಳನ್ನು ಎತ್ತಿ ಹೆಗಲ ಮೇಲೆ ಕೂರಿಸಿಕೊಂಡು, ಆ ವರ್ಷದ ಎರಡನೇ ಮಾತನ್ನು ಆಡಿದರು. “ಪ್ಲಾಸ್ಟರ್ ಇವನೇ ಮಾಡಲಿ.”

ಮಾಡಿದೆ. ಈಗ ನಮ್ಮ ಏಜೆಂಟರು ಸೇರಿದಲ್ಲೆಲ್ಲ ಈ ಕಥೆ ಹೇಳುತ್ತೇನೆ, ಬಾಯಿ ಬಿಡದೆ ಮನೆ ಮಾರಿದ ಒಬ್ಬನೇ ಒಬ್ಬ ಏಜೆಂಟು ನಾನು ಎಂದು. ಬೀರುವಿನಲ್ಲಿ ಮೂರು ಗಂಟೆ ಉಸಿರು ಬಿಗಿಹಿಡಿದಿದ್ದೆ ಎಂದು ಹೇಳುವಾಗ ಮೂಲೆಯಲ್ಲಿ ಕೂತ ಕನ್ನಡಕ ತಲೆಯೆತ್ತುವುದಿಲ್ಲ. ಪುಸ್ತಕ ತೆರೆದು, ತಾರೀಕು ಹುಡುಕಿ, ನನ್ನತ್ತ ತಿರುಗಿಸಿ ಇಡುತ್ತಾಳೆ ಅಷ್ಟೇ.