ನಿಧಾನವಾಗಿ ನುಡಿಸಿದ್ದು

ಬಕೆಟ್ಟಿನಿಂದ ಬೆಡ್‌ಶೀಟ್ ಎತ್ತಿ ಹಿಂಡುತ್ತಿದ್ದೆ. ಒಳಗಿನಿಂದ ಕೀಬೋರ್ಡಿನ ಸದ್ದು ಬಂತು. ಒಂದು ಸ್ವರ, ತಡೆದು ಇನ್ನೊಂದು. ಬೆಡ್‌ಶೀಟ್ ಬಕೆಟ್ಟಿಗೇ ಬಿತ್ತು.

ಆ ಕೀಬೋರ್ಡ್ ನಮ್ಮ ಮಾವನವರದು. ಮೂವತ್ತು ವರ್ಷ ನೃತ್ಯಶಾಲೆಗೆ ನುಡಿಸಿದವರು. ಐದು ತಿಂಗಳ ಹಿಂದೆ ಪಾರ್ಶ್ವವಾಯು ಬಡಿದು ಬಲಗೈ ನಿಧಾನವಾಯಿತು. ಅಂದಿನಿಂದ ಕೀಬೋರ್ಡಿಗೆ ಬಟ್ಟೆ ಹೊದಿಸಿಟ್ಟಿದ್ದೇವೆ, ಆ ಮಾತನ್ನು ಮನೆಯಲ್ಲಿ ಯಾರೂ ಎತ್ತುವುದಿಲ್ಲ. ಮೂರು ದಿನದ ಹಿಂದೆ ನೃತ್ಯಶಾಲೆಯ ಟೀಚರ್ ಫೋನ್ ಮಾಡಿದ್ದರು: ಹೊಸ ನೃತ್ಯಕ್ಕೆ ಶನಿವಾರದೊಳಗೆ ಸಂಗೀತ ಬೇಕು, ಆಗದಿದ್ದರೆ ಬೇರೆಯವರನ್ನು ನೋಡಿಕೊಳ್ಳಬೇಕಾಗುತ್ತದೆ. ಮಾವ "ನೋಡ್ಕೊಳ್ಳಿ" ಎಂದು ಫೋನಿಟ್ಟು, ಊಟ ಅರ್ಧಕ್ಕೇ ಬಿಟ್ಟು ಎದ್ದಿದ್ದರು.

ಒದ್ದೆ ಕೈಯಲ್ಲೇ ಓಡಿದೆ. ಕೂತಿದ್ದವಳು ನನ್ನ ಒಂಬತ್ತರ ಮಗಳು. ತೊಡೆಯ ಮೇಲೆ ಹಳೇ ಕೈಪಿಡಿ, ಪಕ್ಕದಲ್ಲಿ ಮಾವನ ರೆಕಾರ್ಡರ್ ಪೆಟ್ಟಿಗೆ.

"ತಾತನ ಹಾಡುಗಳನ್ನ ಅಳಿಸಿಬಿಟ್ಟೀಯ ಕಣೇ!"

"ಇಲ್ಲಮ್ಮ. ಮೊದ್ಲು ಸ್ಟೋರ್ ಮೋಡ್‌ಗೆ ಹಾಕಿ ಎಲ್ಲಾನೂ ಇನ್ನೊಂದು ಡಿಸ್ಕಿಗೆ ಇಳಿಸಿಟ್ಟೆ. ಆಮೇಲೇ ರೆಕಾರ್ಡ್ ಮೋಡ್ ಮುಟ್ಟಿದ್ದು." ಒಲೆ ಆರಿಸಿದೆಯಾ ಎಂದು ನಾನು ಅವಳನ್ನು ಕೇಳುವ ಧಾಟಿಯಲ್ಲೇ ಹೇಳಿದಳು. "ಇದು ಸದ್ದು ಹಿಡ್ಕೊಳ್ಳಲ್ಲ ಗೊತ್ತಾ? ಯಾವ ಕೀ, ಎಷ್ಟು ಜೋರಾಗಿ, ಎಷ್ಟು ಹೊತ್ತು ಒತ್ತಿದ್ವಿ, ಅಷ್ಟನ್ನೇ ಬರ್ಕೊಳ್ಳುತ್ತೆ."

ಎಷ್ಟು ವರ್ಷ ಆ ಪೆಟ್ಟಿಗೆಯ ಧೂಳು ಒರೆಸಿದ್ದೇನೋ, ಟೇಪ್ ರೆಕಾರ್ಡರ್ ಎಂದೇ ತಿಳಿದಿದ್ದೆ.

"ಯಾರದು, ಆಮೆ ಥರ ನುಡಿಸ್ತಿರೋದು?" ಮಾವ ಬಾಗಿಲಲ್ಲಿ ನಿಂತಿದ್ದರು.

"ನಾನೇ ತಾತ. ಬೇಕಂತಲೇ." ಅವಳು ಪ್ಲೇ ಮೋಡಿಗೆ ತಿರುಗಿಸಿ ವೇಗ ಎರಡರಷ್ಟು ಮಾಡಿದಳು. ಅದೇ ಸ್ವರಗಳು ಈಗ ಕುಣಿಯುತ್ತಾ ಬಂದವು. "ನೋಡು, ಓಡಿಸಿದ್ರೂ ಟೇಪಿನ ಹಾಗೆ ಇಲಿ ಥರ ಕಿಚಿಕಿಚಿ ಅನ್ನಲ್ಲ."

"ಅದು ನನಗೆ ಗೊತ್ತು ಮೇಷ್ಟ್ರಮ್ಮ. ಆದ್ರೆ ಹಾಗೆ ಮಾಡೋದು ಮೋಸ."

"ಮೋಸ ಹೇಗಾಗುತ್ತೆ? ಕೀ ಎಲ್ಲಾ ಒತ್ತಿದ್ದು ನಾನೇ. ಪೆಟ್ಟಿಗೆ ಒಂದೇ ಒಂದು ಸ್ವರಾನೂ ಸೇರಿಸಿಲ್ಲ."

ಮಾವ ಬಾಗಿಲು ಬಿಟ್ಟು ಪೆಟ್ಟಿಗೆಯ ಹತ್ತಿರ ಬಂದರು. ಮೂವತ್ತು ವರ್ಷ ಎಂಥೆಂಥವರ ತಾಳವನ್ನೋ ತಿದ್ದಿದ ಮನುಷ್ಯನನ್ನೇ ತಿದ್ದಿದ್ದಳು ನನ್ನ ಮಗಳು. ಹೊರಗೆ ಬೆಡ್‌ಶೀಟ್ ನೆನೆಯುತ್ತಿದ್ದರೆ ನೆನೆಯಲಿ ಎನಿಸಿತು.

ಈ ಹುಡುಗಿ ಮೂರು ದಿನದಿಂದ ತಾತನ ಕೋಣೆಯ ತನಕ ಹೋಗಿ ಹಾಗೇ ವಾಪಸು ಬರುತ್ತಿದ್ದಳು. "ಒಂದು ಮಾತು ಕೇಳಿದ್ರೆ ತಾತ ಬೇಜಾರು ಮಾಡ್ಕೋತಾರಾ?" ಎಂದು ನಿನ್ನೆ ರಾತ್ರಿ ನನ್ನನ್ನು ಕೇಳಿದ್ದಳು. ಯಾವ ಮಾತೆಂದು ಈಗ ತಿಳಿಯಿತು. ನಾವು ದೊಡ್ಡವರು ಐದು ತಿಂಗಳಾದರೂ ಕೇಳದ ಮಾತು. ನಾನೇ ಕೇಳಿಬಿಡಲೇ ಎನ್ನಿಸಿತು, ಆದರೆ ಅದು ಅವಳ ಮಾತು.

ಅವಳು ಕುರ್ಚಿಯಿಂದ ಇಳಿದು ಅದನ್ನು ತಾತನ ಕಡೆ ತಳ್ಳಿದಳು. ರೆಕಾರ್ಡ್ ಗುಂಡಿ ಒತ್ತಿದಳು, ಕೆಂಪು ದೀಪ ಹತ್ತಿತು.

"ತಾತ, ಶನಿವಾರದ ಹಾಡನ್ನ ನಿಂಗೆ ಆದಷ್ಟು ನಿಧಾನವಾಗಿ ನುಡಿಸ್ತೀಯಾ?"