ಒಂದು ಇಸ್ತ್ರಿಯಷ್ಟು ಇದ್ದಿಲು

ಇದನ್ನು ಪೂರ್ತಿ ಕೇಳಿಬಿಡಿ, ಆಮೇಲೆ ಬೇಕಾದರೆ ಅಜ್ಜಿಯನ್ನು ಬೈದುಕೊಳ್ಳಿ.

ಹಿತ್ತಲಿನಲ್ಲಿ ಮೊಮ್ಮಗಳು ಡ್ರಮ್ಮಿನ ಮುಚ್ಚಳ ತೆಗೆದಾಗ ತೆಂಗಿನ ಚಿಪ್ಪುಗಳೆಲ್ಲ ಕಪ್ಪಗೆ ಮಿರುಗುತ್ತಿದ್ದವು. ಗಾಳಿಯಾಡದಂತೆ ಬೇಯಿಸಿ, ನೀರು ಹೊಯ್ದು ಆರಿಸಿದ ಇದ್ದಿಲು. ಬೂದಿಯಾಗದೆ ದಕ್ಕಿದ ಮೊದಲ ಮೂಟೆ ಅದು. ಮರುದಿನ ಪಾರ್ಕಿನಲ್ಲಿ ಓಣಿಯವರ ಎದುರು ಅದನ್ನು ಗೊಬ್ಬರದೊಂದಿಗೆ ಕಲಸಿ ಗಿಡಗಳ ಬುಡಕ್ಕೆ ಹಾಕಬೇಕು, ನಾಲ್ಕು ಮಾತೂ ಆಡಬೇಕು. ಅವರು ಒಪ್ಪಿದರೆ ಓಣಿಯ ಒಣಕಸವೆಲ್ಲ ಅವಳ ಡ್ರಮ್ಮಿಗೆ. ಒಪ್ಪದಿದ್ದರೆ ಡ್ರಮ್ಮು ಗುಜರಿಗೆ.

ಇದ್ದಿಲನ್ನು ಬಿಸಿಲಿಗೆ ಹರವುತ್ತಿದ್ದಾಗ ಅಜ್ಜಿ ಎರಡು ಚೂರು ಎತ್ತಿ ಒಂದಕ್ಕೊಂದು ತಟ್ಟಿ ನೋಡಿದಳು. ಠಣ್ ಎಂದಿತು. ಮುಪ್ಪು ಬರುವ ತನಕ ರಸ್ತೆ ತಿರುವಿನಲ್ಲಿ ಇಸ್ತ್ರಿ ಗಾಡಿ ನಿಲ್ಲಿಸಿಕೊಂಡಿದ್ದವಳ ಮುಖ ಅರಳಿತು.

“ಇಂಥದ್ದು ಸಿಕ್ಕಿದ್ರೆ ನಿಮ್ಮ ತಾತ ಕುಣಿದಾಡಿಬಿಡ್ತಿದ್ರು. ಇದನ್ನ ಮಣ್ಣಲ್ಲಿ ಹೂಳ್ತೀಯೇನೇ?”

“ಹೂಂ ಅಜ್ಜಿ. ಸುಟ್ರೆ ಇದರಲ್ಲಿರೋ ಇಂಗಾಲ ಮತ್ತೆ ಗಾಳಿಗೇ ಹೋಗುತ್ತೆ. ಮಣ್ಣಲ್ಲಿದ್ರೆ ನೂರಾರು ವರ್ಷ ಅಲ್ಲೇ ಬಿದ್ದಿರುತ್ತೆ. ಬಯೋಚಾರ್ ಅಂತಾರೆ.”

“ಹೆಸರು ಬದಲಾಯಿಸಿದ್ರೆ ಇದ್ದಿಲು ಬೆಳ್ಳಗಾಗುತ್ತಾ? ಒಂದು ಇಸ್ತ್ರಿಯಷ್ಟು ಕೊಡೇ.”

“ಒಂದು ಚೂರೂ ಇಲ್ಲ.”

“ನಾಳೆ ಮುದುರಿದ ಅಂಗಿ ಹಾಕ್ಕೊಂಡು ಭಾಷಣ ಮಾಡ್ತೀಯಾ? ಇಸ್ತ್ರಿಯವರ ಮನೆ ಹುಡುಗಿ ನೀನು.”

“ಕರೆಂಟಿನ ಇಸ್ತ್ರಿ ಪೆಟ್ಟಿಗೆ ಇದೆಯಲ್ಲ.”

“ಅದು ಬಟ್ಟೆ ಸವರುತ್ತೆ ಅಷ್ಟೆ. ಒತ್ತೋದಿಲ್ಲ.”

ಸಂಜೆ ಅವಳು ಸ್ನಾನ ಮುಗಿಸಿ ಬರುವಷ್ಟರಲ್ಲಿ ಮನೆಯೊಳಗೆ ಆ ವಾಸನೆ ತುಂಬಿತ್ತು. ಬಿಸಿ ಹತ್ತಿ, ಚಿಮುಕಿಸಿದ ನೀರು, ಕೆಂಡ. ಗಾಡಿಯ ಕೆಳಗೆ ಯಾರದೋ ಬೆಚ್ಚನೆಯ ಬಟ್ಟೆಗಂಟಿಗೆ ಒರಗಿ ಅವಳು ನಿದ್ದೆ ಹೋಗುತ್ತಿದ್ದ ಮಧ್ಯಾಹ್ನಗಳ ವಾಸನೆ. ಅಜ್ಜಿ ಅಂಗಿಯ ಮೇಲೆ ಬಾಗಿದ್ದಳು. ಹಿತ್ತಾಳೆ ಪೆಟ್ಟಿಗೆಯ ತೂತುಗಳಲ್ಲಿ ಕೆಂಪು ಉಸಿರಾಡುತ್ತಿತ್ತು. ನೀರಿನ ಲೋಟ ಹಿಡಿದರೂ ನಡುಗುವ ಕೈ, ಪೆಟ್ಟಿಗೆಯ ಭಾರಕ್ಕೆ ಗಟ್ಟಿಯಾಗಿ ನಿಂತಿತ್ತು.

ಬೈಯಬೇಕೆಂದು ಬಂದವಳು ತೋಳಿನ ತುದಿಯನ್ನು ಎಳೆದು ಹಿಡಿದುಕೊಂಡಳು, ಚಿಕ್ಕವಳಿದ್ದಾಗ ಹಿಡಿಯುತ್ತಿದ್ದಂತೆಯೇ.

“ಇನ್ನೂ ಬಿಗಿಯಾಗಿ,” ಎಂದಳು ಅಜ್ಜಿ.

ಮರುದಿನ ಪಾರ್ಕಿನಲ್ಲಿ ಮಾತು ಚೆನ್ನಾಗಿಯೇ ಸಾಗಿತು. ಕೊನೆಗೆ, ಯಾವುದನ್ನೂ ಸುಲಭಕ್ಕೆ ಒಪ್ಪದ ಓಣಿಯ ಮೇಷ್ಟ್ರು ಎದ್ದು ನಿಂತರು.

“ಎಲ್ಲಾ ಸರಿ ಕಣಮ್ಮ. ಆದ್ರೆ ಇದ್ದಿಲು ಕಂಡ್ರೆ ಉರಿಸದೆ ಬಿಡ್ತಾರಾ ಜನ? ಈ ಮೊದಲನೇ ಮೂಟೆನಾದ್ರೂ ಪೂರ್ತಿ ಮಣ್ಣಿಗೆ ಬಂದಿದೆಯಾ?”

ಎಲ್ಲರೂ ಮೂಟೆಯತ್ತ ನೋಡಿದರು. ಮುಂದಿನ ಸಾಲಿನಲ್ಲಿದ್ದ ಅಜ್ಜಿ ಮಾತ್ರ ಮೊಮ್ಮಗಳ ಅಂಗಿಯ ತೋಳಿನ ಮೇಲೆ ಗೆರೆ ಎಳೆದಂತೆ ನಿಂತಿದ್ದ ಮಡಿಕೆಯನ್ನೇ ನೋಡುತ್ತಿದ್ದಳು.

ಅಲ್ಲಿ ಮೊಮ್ಮಗಳ ಜಾಗದಲ್ಲಿ ನೀವು ನಿಂತಿದ್ದರೆ ಏನು ಹೇಳುತ್ತಿದ್ದಿರಿ?