ಎಂಟು ಎಂಬಿಯ ರಾಕ್ಷಸ

ತಂಗಿಗೆ ಕಂಪ್ಯೂಟರ್ ಆಟದ ಮ್ಯಾಪ್, ಅಂದರೆ ಆಡುವ ಜಾಗ, ಕಟ್ಟುವುದನ್ನು ಕಲಿಸಿದವಳೇ ಅಕ್ಕ. ಈಗ ಒಟ್ಟಿಗೆ ಆಡುವ ಆನ್‌ಲೈನ್ ಗುಂಪಿನವರೆಲ್ಲ ಹೊಗಳುತ್ತಿದ್ದುದು ತಂಗಿಯ ಗುಹೆಯನ್ನು, ಅದರಲ್ಲೂ ಒಳಗೆ ಗುರುಗುಟ್ಟುವ ರಾಕ್ಷಸನನ್ನು. ಒಂದೊಂದು ಹೊಗಳಿಕೆ ಓದಿದಾಗಲೂ ಅಕ್ಕನ ಹೊಟ್ಟೆಯಲ್ಲಿ ಮೆಣಸಿನಕಾಯಿ ಅರೆದಂತಾಗುತ್ತಿತ್ತು.

ಭಾನುವಾರ ಎಲ್ಲರೂ ಸೇರಿ ಆಡುವ ಮ್ಯಾಪನ್ನು ಗುಂಪು ಇವತ್ತೇ ಆರಿಸುತ್ತದೆ. ಸಂಜೆ ಆರರೊಳಗೆ ಕಳಿಸಬೇಕು, ಎಂಟು ಎಂಬಿ ಮೀರಬಾರದು. ತಂಗಿಯದು ಐದು. ಅಕ್ಕನ ಹಡಗಿನ ಮ್ಯಾಪ್ ಮೂವತ್ತೊಂದು. ಅದರಲ್ಲಿ ಇಪ್ಪತ್ತಾರು ಬರೀ ಸದ್ದು. ಅಲೆ, ಗಾಳಿ, ಮರದ ಹಲಗೆಯ ಹನ್ನೆರಡು ಥರದ ಕಿರುಗುಟ್ಟುವಿಕೆ.

ತಂಗಿಯನ್ನು ಕೇಳಿದರೆ ಮರ್ಯಾದೆಯ ಗತಿಯೇನು? ಅಕ್ಕ ಎಲ್ಲ ಸದ್ದನ್ನೂ ಒಂದೇ ಏಟಿಗೆ ತೀರ ಕಡಿಮೆ ಗುಣಮಟ್ಟಕ್ಕೆ ಇಳಿಸಿದಳು. ಮ್ಯಾಪೇನೋ ಏಳಾಯಿತು, ಆದರೆ ಸಮುದ್ರ ಬಾಣಲೆಯಂತೆ ಚಟಪಟಿಸಿತು.

"ಏನೇ ಹುರೀತಿದೀಯ ಅಕ್ಕಾ?" ಪಕ್ಕದ ಕೋಣೆಯಿಂದ ತಂಗಿ.

"ನಿನ್ ತಲೆ."

ತಂಗಿ ಸ್ನಾನಕ್ಕೆ ಹೋದದ್ದೇ ತಡ, ಅಕ್ಕ ಅವಳ ಮ್ಯಾಪನ್ನು ಬಿಚ್ಚಿ ನೋಡಿದಳು. ಇದ್ದದ್ದೇ ಒಂಬತ್ತು ಸದ್ದು. ಒಂದರ ಹೆಸರು 'ಅಕ್ಕ'. ಒತ್ತಿದಳು. ಗೊರಕೆ, ತನ್ನದೇ. ಅದನ್ನೇ ನಿಧಾನ ಮಾಡಿದರೆ ರಾಕ್ಷಸ, ಇನ್ನೂ ನಿಧಾನಕ್ಕೆ ಭೂಕಂಪ, ವೇಗ ಹೆಚ್ಚಿಸಿದರೆ ಕಪ್ಪೆ.

ತಲೆಗೆ ಟವೆಲು ಸುತ್ತಿಕೊಂಡು ತಂಗಿ ಬಂದಳು.

"ಕಳ್ಳಿ, ನನ್ ಗೊರಕೆ ಯಾವಾಗ ರೆಕಾರ್ಡ್ ಮಾಡ್ಕೊಂಡೆ?"

"ಮಧ್ಯಾಹ್ನ ಮಲಗಿದ್ಯಲ್ಲ, ಆಗ. ಕೇಳಿದ್ರೆ ಗೊರಕೆನೇ ಹೊಡೆಯಲ್ಲ ಅಂತಿದ್ದೆ."

"ಈ ಉಪಾಯ ನಂಗೂ ಹೇಳಬಾರದಿತ್ತಾ?"

"ನೀನು ಕೇಳಬೇಕಿತ್ತಲ್ಲ."

ಅಕ್ಕ ಮೂಲ ಸದ್ದುಗಳನ್ನು ಮತ್ತೆ ತಂದಳು. ಹನ್ನೊಂದು ಕಿರುಗುಟ್ಟುವಿಕೆ ಕಸಕ್ಕೆ ಹೋದವು. ಉಳಿದ ಒಂದೇ ಬೇರೆ ಬೇರೆ ವೇಗದಲ್ಲಿ ಹಡಗು ತುಂಬಿತು. ನಾಲ್ಕು ನಿಮಿಷದ ಅಲೆಯನ್ನು ತಂಗಿ ಹತ್ತು ಸೆಕೆಂಡಿಗೆ ಕತ್ತರಿಸಿ, ಮತ್ತೆ ಮತ್ತೆ ಸುತ್ತುವಂತೆ ಜೋಡಿಸಿಕೊಟ್ಟಳು. ಏಳೂವರೆ ಎಂಬಿ. ಸಮುದ್ರ ಸಮುದ್ರದಂತೆಯೇ ಕೇಳುತ್ತಿತ್ತು. ಆರಕ್ಕೆ ಹತ್ತು ನಿಮಿಷವಿರುವಾಗ ಕಳಿಸಿದರು.

ಏಳಕ್ಕೆ ಉತ್ತರ ಬಂತು: 'ಹಡಗು ಚೆನ್ನಾಗಿದೆ. ಆದ್ರೆ ಆ ರಾಕ್ಷಸನ ಮುಂದೆ ಯಾವ್ದೂ ಇಲ್ಲ. ಭಾನುವಾರ ಗುಹೆನೇ.' ಕೆಳಗೆ ತಂಗಿಗೆ ಚಪ್ಪಾಳೆಯ ಸಾಲು.

ಅಕ್ಕ 'ಆ ರಾಕ್ಷಸ ನನ್ನ ಗೊರಕೆ' ಎಂದು ಬರೆದಳು. ನಾಚಿಕೆಯಾಗಿ ಅಳಿಸಿದಳು. ಅಷ್ಟರಲ್ಲಿ ಇನ್ನೂ ನಾಲ್ಕು ಚಪ್ಪಾಳೆ ಬಿದ್ದವು. ಮತ್ತೆ ಬರೆದು, ಕಣ್ಣು ಮುಚ್ಚಿಕೊಂಡು ಕಳಿಸಿಬಿಟ್ಟಳು.

ಪಕ್ಕದ ಕೋಣೆಯಲ್ಲಿ ತಂಗಿ ಬಿದ್ದು ಬಿದ್ದು ನಗುವುದು ಕೇಳಿಸಿತು.